ಮೂತಿ ಯಾವ ಕಡೆಗಿದೆ ನೋಡಿ

ನವೆಂಬರ್ ತಿಂಗಳ ಬೆಳಿಗ್ಗೆ ಹನ್ನೊಂದೂವರೆ. ಸೇಂಟ್ ಪೀಟರ್ಸ್‌ಬರ್ಗಿನ ನೆವ್‌ಸ್ಕಿ ರಸ್ತೆಯಲ್ಲಿ ಟೊಪ್ಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೊಂಡು ನಡೆಯುತ್ತಿದ್ದೀರಿ. ರಸ್ತೆಯ ತುದಿಯಲ್ಲಿ, ಬೂದು ಮೋಡಕ್ಕೆ ಚುಚ್ಚಿಟ್ಟ ಸೂಜಿಯ ಹಾಗೆ ಒಂದು ಚಿನ್ನದ ಶಿಖರ. ಅದು ಅಡ್ಮಿರಾಲ್ಟಿ, ರಷ್ಯಾದ ನೌಕಾಪಡೆಯ ಹಳೆಯ ಮನೆ. ಊರಿನ ಮೂರು ದೊಡ್ಡ ರಸ್ತೆಗಳು ಇದರ ಕಡೆಗೇ ಬರುತ್ತವೆ. ಯಾವುದನ್ನು ಹಿಡಿದು ಬಂದರೂ ಎದುರಿಗೆ ಇದೇ ಸೂಜಿ.

ಅದರ ಮುಂದಿನ ಉದ್ಯಾನದೊಳಗೆ ಬಂದು ನಿಲ್ಲುತ್ತೀರಿ. ಎಲೆ ಉದುರಿದ ಮರಗಳ ನಡುವಿನಿಂದ ಕತ್ತೆತ್ತಿ ನೋಡಿದರೆ, ಸುಮಾರು 72 ಮೀಟರ್ ಎತ್ತರದಲ್ಲಿ ಶಿಖರದ ಮೊನೆ, ಅದರ ಮೇಲೊಂದು ಗುಂಡು, ಗುಂಡಿನ ಮೇಲೆ ಹಾಯಿ ಬಿಚ್ಚಿದ ಒಂದು ಹಡಗು. ಇಲ್ಲಿಂದ ಮಕ್ಕಳ ಆಟಿಕೆಯಷ್ಟೇ ಕಾಣುತ್ತದೆ. ನಿಜದಲ್ಲಿ ಹತ್ತಿರ ಹತ್ತಿರ ಎರಡು ಮೀಟರ್ ಉದ್ದ, ಸುಮಾರು 65 ಕಿಲೋ ತೂಕ. ಊರಿನವರು ಅದನ್ನು ಪ್ರೀತಿಯಿಂದ ಕರಾಬ್ಲಿಕ್ ಅನ್ನುತ್ತಾರೆ, ಅಂದರೆ ಪುಟ್ಟ ಹಡಗು.

ನೋಡುತ್ತಿದ್ದಂತೆಯೇ ಅದು ಅಲುಗುತ್ತದೆ. ಮೂತಿ ಒಂದಿಷ್ಟು ಎಡಕ್ಕೆ ಸರಿದು, ಮತ್ತೆ ಹಿಂದಕ್ಕೆ ಬಂದು, ತಡವರಿಸಿ ನಿಲ್ಲುತ್ತದೆ. ಕೈಗವಸು ತೆಗೆದು ಬೆರಳಿಗೆ ಎಂಜಲು ಹಚ್ಚಿ ಮೇಲೆತ್ತಿ ಹಿಡಿಯಿರಿ. ತಣ್ಣಗೆ ಕೊರೆಯುವ ಮಗ್ಗುಲು ಎಡಗಡೆಯದೇ. ಹಡಗು ನೋಡುತ್ತಿರುವುದೂ ಅತ್ತಲೇ!

ಮೊದಲ ಸಲ ನೋಡುವವರು ಎಡವುವುದು ಇಲ್ಲಿಯೇ. ಹಾಯಿ ಬಿಚ್ಚಿದ ಹಡಗು ಗಾಳಿ ನೂಕಿದತ್ತ ಹೋಗಬೇಕಲ್ಲವೇ? ಇದು ಹಾಗೆ ಮಾಡುವುದಿಲ್ಲ. ಗುಟ್ಟಿರುವುದು ಹಡಗನ್ನು ಚುಚ್ಚಿ ನಿಲ್ಲಿಸಿದ ಸರಳಿನಲ್ಲಿ. ತೂಕ ಸರಳಿನ ಹಿಂದೆ ಮುಂದೆ ಸಮನಾಗಿರಬೇಕು, ಇಲ್ಲವಾದರೆ ಹಡಗು ಒಂದು ಕಡೆ ವಾಲಿ ತಿರುಗಣಿ ಬಿಗಿದುಕೊಳ್ಳುತ್ತದೆ. ಆದರೆ ಗಾಳಿಗೆ ಸಿಕ್ಕುವ ಮೈ ಮಾತ್ರ ಸರಳಿನ ಹಿಂದೆಯೇ ಹೆಚ್ಚಿರಬೇಕು. ಅಡ್ಡಗಾಳಿ ಬಡಿದಾಗ ಹಿಂಬದಿಯ ಮೇಲೆ ಒತ್ತಡ ಜಾಸ್ತಿ. ಅದು ಗಾಳಿ ಹೋಗುವತ್ತ ಸರಿಯುತ್ತದೆ, ಮೂತಿ ಗಾಳಿ ಬರುವತ್ತ ತಿರುಗುತ್ತದೆ. ಎರಡೂ ಮಗ್ಗುಲಿಗೆ ಗಾಳಿ ಸಮನಾಗಿ ತಾಗಿದಾಗ ಅಲ್ಲಿಗೆ ನಿಲ್ಲುತ್ತದೆ. ಮಲ್ಪೆಯಲ್ಲಿ ಲಂಗರು ಹಾಕಿದ ದೋಣಿಯನ್ನು ನೋಡಿದವರಿಗೆ ಇದು ಹೊಸದೇನಲ್ಲ. ನೀರಿನ ಸೆಳೆತ ಇಲ್ಲದ ಹೊತ್ತಿನಲ್ಲಿ ಅದೂ ಗಾಳಿಗೆ ಮುಖ ಕೊಟ್ಟೇ ನಿಲ್ಲುತ್ತದೆ. ಗಾಳಿಗೆ ಹೆಸರಿಡುವಾಗಲೂ ನಾವು ಅದು ಬಂದ ದಿಕ್ಕನ್ನೇ ಹಿಡಿಯುತ್ತೇವೆ. ನೈಋತ್ಯ ಮುಂಗಾರು ಬರುವುದು ನೈಋತ್ಯದಿಂದ.

ಈ ಊರಿಗೆ ಆ ದಿಕ್ಕು ಜೀವನ್ಮರಣದ ಮಾತಾಗಿತ್ತು. ಎಡಕ್ಕೆ, ಪಡುವಲಲ್ಲಿ, ಫಿನ್ಲೆಂಡ್ ಕೊಲ್ಲಿಯಿದೆ. ಅಡ್ಮಿರಾಲ್ಟಿಯ ಬೆನ್ನಿಗೇ ಹರಿಯುವ ನೆವಾ ಹೋಗಿ ಸೇರುವುದು ಅದನ್ನೇ. ಬಾಲ್ಟಿಕ್ ಸಮುದ್ರದ ಮೇಲೆ ಬಿರುಗಾಳಿ ಹಾದಾಗ ಎದ್ದ ಉದ್ದನೆಯ ಅಲೆ ಕೊಲ್ಲಿಗೆ ನುಗ್ಗುತ್ತದೆ. ಕೊಲ್ಲಿ ಇಕ್ಕಟ್ಟಾಗಿ ಆಳ ಕಡಿಮೆಯಾದಂತೆ ಅಲೆ ಎತ್ತರವಾಗುತ್ತದೆ, ಪಡುಗಾಳಿ ಅದನ್ನು ಹಿಂದಿನಿಂದ ಒತ್ತುತ್ತದೆ. ನದಿಗೆ ಹೊರಹೋಗಲು ದಾರಿಯೇ ಇಲ್ಲ, ಬೀದಿಗೆ ಏರುತ್ತದೆ. ಆಂದ್ರೆಯಾನ್ ಜಖಾರೋವ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಈ ಕಟ್ಟಡ ಪೂರ್ತಿಯಾದದ್ದು 1823ರಲ್ಲಿ. ಮರುವರ್ಷವೇ, ಇಂಥದೇ ಒಂದು ನವೆಂಬರಿನಲ್ಲಿ, ನೀರು ಮಾಮೂಲು ಮಟ್ಟಕ್ಕಿಂತ 4 ಮೀಟರಿಗೂ ಮೇಲೆ ಏರಿತು. ಪುಷ್ಕಿನ್ ‘ಕಂಚಿನ ಕುದುರೆ ಸವಾರ’ ಬರೆದದ್ದು ಆ ನೆರೆಯನ್ನು ಕುರಿತೇ. ಆ ಸವಾರ, ಪೀಟರ್ ದೊರೆಯ ಕಂಚಿನ ಪ್ರತಿಮೆ, ನಿಮ್ಮ ಎಡಗಡೆಗೆ ಕೂಗಳತೆಯಲ್ಲೇ ಇದೆ. ನೂರು ವರ್ಷ ಕಳೆದು 1924ರಲ್ಲಿ ಮತ್ತೆ 3.8 ಮೀಟರ್.

ನೀರಷ್ಟೇ ಅಲ್ಲ, ಯುದ್ಧವನ್ನೂ ಕಂಡ ಶಿಖರ ಇದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಊರನ್ನು ಮುತ್ತಿದಾಗ, ಈ ಹೊಳಪು ಶತ್ರುವಿನ ತೋಪಿಗೆ ಗುರಿಯಾಗಬಾರದೆಂದು ಪರ್ವತಾರೋಹಿಗಳು ಹತ್ತಿ ಶಿಖರಕ್ಕೆ ಗೋಣಿಬಟ್ಟೆಯ ಮುಸುಕು ಹಾಕಿದರು. ಅವರಲ್ಲೊಬ್ಬಳು ಓಲ್ಗಾ ಫಿರ್ಸೋವಾ, ಸಂಗೀತಗಾರ್ತಿ. ಹಸಿದ ಹೊಟ್ಟೆಯಲ್ಲಿ, ಈ ಚಳಿಯಲ್ಲಿ, ಆ ಎತ್ತರಕ್ಕೆ! ಕೆಳಗೆ ನಿಂತು ನೋಡುವ ನಿಮಗೇ ಕಾಲು ನಡುಗುತ್ತದೆ.

ಢಮ್ ಎಂದು ನದಿಯಾಚೆಯಿಂದ ಸದ್ದು. ಪೀಟರ್–ಪಾಲ್ ಕೋಟೆಯ ಮಧ್ಯಾಹ್ನದ ಫಿರಂಗಿ. ಹಿಂದೆ ನೆರೆ ಏರುವಾಗ ಜನರನ್ನು ಎಚ್ಚರಿಸಲೂ ಅಲ್ಲಿಂದ ಗುಂಡು ಹಾರಿಸುತ್ತಿದ್ದರು. ಈಗ ಆ ಕಾವಲನ್ನು ಕೊಲ್ಲಿಗೆ ಅಡ್ಡ ಹಾಕಿದ ಒಡ್ಡು ನೋಡಿಕೊಳ್ಳುತ್ತದೆ. 2011ರಲ್ಲಿ ಪೂರ್ತಿಯಾದ ಅದರ ಉದ್ದ 25 ಕಿಲೋಮೀಟರಿಗೂ ಹೆಚ್ಚು. ನೀರೇರುವ ಮುನ್ಸೂಚನೆ ಬಂದರೆ ಬಾಗಿಲು ಮುಚ್ಚುತ್ತಾರೆ.

ಈ ಊರಿಗೆ ಹೋದಾಗ ಉದ್ಯಾನದಲ್ಲಿ ಐದು ನಿಮಿಷ ನಿಂತು ಮೇಲೆ ನೋಡಿ. ಹಾಯಿಯನ್ನಲ್ಲ, ಮೂತಿಯನ್ನು ನೋಡಿ. ಅದು ಕಂಚಿನ ಸವಾರನ ಕಡೆಗಿದ್ದರೆ, ಬೀಸುತ್ತಿರುವುದು ಕಡಲ ಗಾಳಿ.