ಮಳೆಯೂರಿನಲ್ಲಿ ಮಾಲ್ಗುಡಿ ಕಟ್ಟಿದ ಶಂಕರ್‌ನಾಗ್

ಯಾವ ಭೂಪಟ ಬಿಡಿಸಿ ನೋಡಿದರೂ ಮಾಲ್ಗುಡಿ ಎಂಬ ಊರು ಸಿಗುವುದಿಲ್ಲ. ಅದು ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರು. ಹಾಗಿದ್ದೂ ಅದನ್ನು ಕಣ್ಣಾರೆ ಕಾಣಬೇಕೆಂದು ಬಸ್ಸು ಹತ್ತುವವರು ಇಂದಿಗೂ ಇದ್ದಾರೆ. ಅವರು ಬಂದಿಳಿಯುವುದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಣಗೊಂಡ ಊರು ಇದು. ಇಲ್ಲದ ಊರನ್ನು ಇಲ್ಲಿ ಇರುವಂತೆ ಮಾಡಿದವರು ಶಂಕರ್‌ನಾಗ್.

ಶಿವಮೊಗ್ಗದಿಂದ ಆಗುಂಬೆಗೆ ತೀರ್ಥಹಳ್ಳಿಯ ಮೇಲೆ ಹೋಗಬೇಕು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಇವೆಲ್ಲ ದಾರಿಯಲ್ಲೇ ಸಿಗುತ್ತವೆ. ತೀರ್ಥಹಳ್ಳಿಯವರೆಗೆ ತುಂಗಾ ನದಿ ಆಗಾಗ ಕಾಣಿಸಿಕೊಳ್ಳುತ್ತಾ ಜೊತೆಗೇ ಬರುತ್ತದೆ. ಅಲ್ಲಿಂದ ಮುಂದೆ ಅಡಿಕೆ ತೋಟ ಕಡಿಮೆಯಾಗಿ ಕಾಡು ದಟ್ಟವಾಗುತ್ತದೆ. ಆಗುಂಬೆ ಮುಟ್ಟುವ ಹೊತ್ತಿಗೆ ಗಾಳಿಯೇ ಒದ್ದೆಯಾಗಿರುತ್ತದೆ.

ಈ ಒದ್ದೆಗೆ ಕಾರಣವುಂಟು. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಮಾರುತಕ್ಕೆ ಮೊದಲು ಎದುರಾಗುವ ಗೋಡೆ ಪಶ್ಚಿಮಘಟ್ಟ. ಗೋಡೆಗೆ ತಾಗಿದ ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ಅದು ಹಿಗ್ಗುತ್ತದೆ, ತಣ್ಣಗಾಗುತ್ತದೆ, ಹೊತ್ತ ಆವಿ ಹನಿಯಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಕುಳಿತಿರುವ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು ಹೀಗೆ. ಈಚಿನ ಕೆಲವು ವರ್ಷಗಳ ಅಳತೆಯಲ್ಲಿ ಹುಲಿಕಲ್‌ನಂತಹ ಊರುಗಳು ಇದನ್ನು ಹಿಂದೆ ಹಾಕಿದ್ದುಂಟು. ಆದರೂ 'ದಕ್ಷಿಣದ ಚಿರಾಪುಂಜಿ' ಎಂಬ ಹೆಸರು ಆಗುಂಬೆಗೇ ಉಳಿದಿದೆ. ಇಂತಹ ಮಳೆಯೂರನ್ನು ಚಿತ್ರೀಕರಣಕ್ಕೆ ಯಾರಾದರೂ ಆರಿಸಿಕೊಂಡಾರೆಯೇ?

ಇದಕ್ಕೆ ಉತ್ತರ ಹುಡುಕಲು ತುಸು ಹಿಂದೆ ಹೋಗಬೇಕು. ಮೈಸೂರಿನಲ್ಲಿ ನೆಲೆಸಿದ್ದ ನಾರಾಯಣ್ ಅವರ ಮನಸ್ಸಿಗೆ ಮಾಲ್ಗುಡಿ ಹೊಳೆದದ್ದು 1930ರ ವಿಜಯದಶಮಿಯ ದಿನ. ಮೊದಲು ಕಂಡದ್ದು ಊರಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಅದರ ಸುತ್ತ ಬೀದಿ, ಶಾಲೆ, ನದಿ, ಅಂಗಡಿಗಳು ಬೆಳೆದವು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು. ಮುಂದೆ ಅವರ 'ದಿ ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾದಾಗ, ಮಾಲ್ಗುಡಿಯನ್ನು ಬಿಟ್ಟು ಕಥೆ ರಾಜಸ್ಥಾನದ ವೈಭವದ ತಾಣಗಳಿಗೆ ಹೋಯಿತು. ಚಿತ್ರ ಭಾರೀ ಹೆಸರು ಮಾಡಿದರೂ ಕಥೆಗಾರರಿಗೆ ಸಮಾಧಾನವಾಗಲಿಲ್ಲ. ಆ ಬೇಸರವನ್ನು ಅವರು ಒಂದು ಲೇಖನದಲ್ಲಿ ಬರೆದೂ ಇಟ್ಟರು. ಇಂತಹ ಲೇಖಕರ ಊರನ್ನು ಮತ್ತೆ ತೆರೆಗೆ ತರುವುದೆಂದರೆ ಸಣ್ಣ ಹೊಣೆಯಲ್ಲ.

ನಿರ್ಮಾಪಕ ಟಿ.ಎಸ್. ನರಸಿಂಹನ್ ಆ ಹೊಣೆಯನ್ನು ಶಂಕರ್‌ನಾಗ್ ಅವರಿಗೆ ವಹಿಸಿದರು. ಆಗ ಶಂಕರ್‌ಗೆ ಮೂವತ್ತೆರಡೂ ತುಂಬಿರಲಿಲ್ಲ. 1954ರ ನವೆಂಬರ್ 9ರಂದು ಹೊನ್ನಾವರದ ಸೀಮೆಯಲ್ಲಿ ಹುಟ್ಟಿದ ಹುಡುಗ ಓದಿಗಾಗಿ ಮುಂಬಯಿಗೆ ಹೋದ, ಬ್ಯಾಂಕಿನ ನೌಕರಿ ಹಿಡಿದ. ಸಂಜೆಯ ಹೊತ್ತು ಮರಾಠಿ ರಂಗಭೂಮಿಯಲ್ಲಿ ಕಳೆಯುತ್ತಿತ್ತು. ನಟನೆಯ ಜೊತೆಗೆ ಬೆಳಕು, ರಂಗಸಜ್ಜಿಕೆ, ಬರವಣಿಗೆ ಎಲ್ಲದರ ಪಾಠವೂ ಅಲ್ಲೇ ಆಯಿತು. ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರೆದಾಗ ಈ ಯುವಕ ಕನ್ನಡಕ್ಕೆ ಬಂದರು. ಆ ಚಿತ್ರದ ಅಭಿನಯಕ್ಕಾಗಿ 1979ರಲ್ಲಿ ದೆಹಲಿಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಮೊದಲ ಚಿತ್ರಕ್ಕೇ ಇಂತಹ ಗೌರವ!

ಅಲ್ಲಿಗೇ ನಿಂತಿದ್ದರೆ ಅವರು ಒಬ್ಬ ಜನಪ್ರಿಯ ನಟರಾಗಿ ಉಳಿಯುತ್ತಿದ್ದರು. 'ಆಟೋ ರಾಜ' ಚಿತ್ರದಿಂದ ಆಟೋರಿಕ್ಷಾ ಚಾಲಕರ ಮನೆಮಗನಾದದ್ದೂ ನಿಜ. ಇಂದಿಗೂ ಎಷ್ಟೋ ಆಟೋಗಳ ಹಿಂಬದಿಯಲ್ಲಿ ಅವರ ಚಿತ್ರವಿದೆ. ಆದರೆ ಅವರಿಗೆ ಕ್ಯಾಮೆರಾದ ಮುಂದೆ ನಿಲ್ಲುವುದಷ್ಟೇ ಸಾಲದಾಗಿತ್ತು. 1980ರಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದರು. ಅರುಂಧತಿ ನಾಗ್ ಅವರೊಡನೆ 'ಸಂಕೇತ್' ತಂಡ ಕಟ್ಟಿ ನಾಟಕಗಳನ್ನು ಆಡಿಸಿದರು. ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬೇಕಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸ್ಟುಡಿಯೋ ತೆರೆದರು. ಹಗಲು ಬೇರೆಯವರ ಚಿತ್ರದಲ್ಲಿ ನಟಿಸಿ ಗಳಿಸಿದ್ದು ತಮ್ಮ ನಾಟಕ, ಚಿತ್ರಗಳಿಗೆ ಖರ್ಚಾಗುತ್ತಿತ್ತು.

ಮಾಲ್ಗುಡಿಗೆ ಬೇಕಿದ್ದುದು ಮೂವತ್ತು, ನಲವತ್ತರ ದಶಕದ ಊರು. ಹೆಂಚಿನ ಮನೆಗಳು, ಜಗಲಿ, ಅಗಲವಾದ ಬೀದಿ, ಹಿಂದೆ ಕಾಡು. ಆಗುಂಬೆಯಲ್ಲಿ ಇವೆಲ್ಲ ಸಿದ್ಧವಾಗಿದ್ದವು. ಮಳೆ ನಿಂತ ಮೇಲೆ ಕೆಲಸ ಮಾಡಿದರಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿಗೆ ಮಾಲ್ಗುಡಿಯ ವೇಷ ತೊಡಿಸಿದರು. ಲಾಲಿ ದೊರೆಯ ಪ್ರತಿಮೆಯೊಂದು ಊರಿನ ನಡುವೆ ಎದ್ದಿತು. ಪುರಸಭೆಯವರು ದೇಶಭಕ್ತಿಯ ಭರದಲ್ಲಿ ಬ್ರಿಟಿಷ್ ಅಧಿಕಾರಿಯ ಪ್ರತಿಮೆ ಕೀಳಿಸಿ, ಆಮೇಲೆ ಆತ ಊರಿಗೆ ಉಪಕಾರ ಮಾಡಿದವನೆಂದು ತಿಳಿದು ಪೇಚಾಡುವ ಕಥೆ 'ಲಾಲಿ ರೋಡ್'. ಚರಿತ್ರೆಯನ್ನು ಓದದೆ ತೀರ್ಪು ಕೊಟ್ಟರೆ ಏನಾಗುತ್ತದೆಂದು ವಿದ್ಯಾರ್ಥಿಗಳಿಗೆ ಇದಕ್ಕಿಂತ ನಗುನಗುತ್ತಾ ಹೇಳುವುದು ಕಷ್ಟ.

ಊರಿನ ಜನರೇ ಬೀದಿಯ ಜನರಾಗಿ ಕಾಣಿಸಿಕೊಂಡರು. ಸ್ವಾಮಿಯ ಮನೆಯಾದದ್ದು ಇಲ್ಲಿನ 'ದೊಡ್ಡಮನೆ'. ನೂರು ವರ್ಷಕ್ಕೂ ಹಳೆಯದಾದ ಈ ಮನೆಯಲ್ಲಿ ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳು. ಇಲ್ಲಿಯವರು ಬಹುಕಾಲ ಬಂದ ಅಪರಿಚಿತರಿಗೆಲ್ಲ ಊಟ ಹಾಕಿ, ಇಷ್ಟೇ ಕೊಡಿ ಎಂದು ಕೇಳದೆ ಕೊಟ್ಟಷ್ಟನ್ನು ಪಡೆಯುತ್ತಿದ್ದರು. ಮನೆ ವಾಸದ ಮನೆಯೇ ಹೊರತು ಪ್ರದರ್ಶನದ ವಸ್ತುವಲ್ಲ ಎಂಬುದನ್ನು ನೋಡಲು ಹೋಗುವವರು ಮರೆಯಬಾರದು.

ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು. ಎಲ್. ವೈದ್ಯನಾಥನ್ ಅವರ ಸಂಗೀತ ಕೇಳಿದೊಡನೆ ಇಂದಿಗೂ ನೆನಪು ನುಗ್ಗಿ ಬರುತ್ತದೆ. ಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್. ಶಂಕರ್‌ನಾಗ್ ನಿರ್ದೇಶಿಸಿದ 39 ಕಂತುಗಳಲ್ಲಿ ಎಲ್ಲೂ ಆಡಂಬರವಿಲ್ಲ. ಕಥೆ ಊರಿನಿಂದ ಹೊರಗೆ ಓಡಲಿಲ್ಲ. 'ಗೈಡ್' ಚಿತ್ರದಲ್ಲಿ ಕಳೆದುಹೋದ ಊರು ಈ ಬಾರಿ ನಾರಾಯಣ್ ಅವರಿಗೆ ಮರಳಿ ಸಿಕ್ಕಿತೆನ್ನಬೇಕು.

ಸ್ವಾಮಿಯಾಗಿ ದೇಶದ ಮನೆಮನೆಯನ್ನೂ ತಲುಪಿದ ಮಾಸ್ಟರ್ ಮಂಜುನಾಥ್ ಮುಂದೇನಾದರು? ಅವಕಾಶಗಳಿರುವಾಗಲೇ ನಟನೆ ಬಿಟ್ಟು ಓದನ್ನು ಮುಂದುವರಿಸಿದರು, ಸ್ನಾತಕೋತ್ತರ ಪದವಿ ಪಡೆದು ಬೇರೆ ವೃತ್ತಿಗೆ ಹೋದರು. ಮಗು ವೇದಿಕೆ ಹತ್ತಿದರೆ ಓದು ಕೆಟ್ಟಿತೆಂದು ಹೆದರುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಬರೀ ಹೆಸರಿನ ಆಸೆಗೆ ಮಕ್ಕಳನ್ನು ಟಿ.ವಿ. ಸ್ಪರ್ಧೆಗಳಿಗೆ ದೂಡುವವರೂ ಗಮನಿಸಬೇಕು. ಒಬ್ಬರು ಬ್ಯಾಂಕಿನ ಕುರ್ಚಿ ಬಿಟ್ಟು ರಂಗಕ್ಕೆ ಬಂದರು, ಇನ್ನೊಬ್ಬರು ರಂಗ ಬಿಟ್ಟು ಪುಸ್ತಕಕ್ಕೆ ಹೋದರು. ಇಬ್ಬರೂ ಹಿಡಿದ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು.

ಮಾಲ್ಗುಡಿಯ ಯಾತ್ರೆ ಆಗುಂಬೆಯಲ್ಲೇ ಮುಗಿಯುವುದಿಲ್ಲ. ನಾರಾಯಣ್ ಅವರಿಗೆ ಮೊದಲು ಹೊಳೆದ ಆ ರೈಲು ನಿಲ್ದಾಣವಾಗಿ ತೆರೆಯ ಮೇಲೆ ಕಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಆಗ ಅಲ್ಲಿ ಓಡುತ್ತಿದ್ದುದು ಮೀಟರ್‌ಗೇಜ್ ರೈಲು. ಹಳಿ ಬ್ರಾಡ್‌ಗೇಜ್ ಆದ ಮೇಲೆ ಹಳೆಯ ಕಟ್ಟಡ ಪಾಳು ಬಿದ್ದಿತ್ತು. ರೈಲ್ವೆ ಇಲಾಖೆ ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿಸಿತು. ಕಥೆಯೊಂದರ ಕೃಪೆಯಿಂದ ಕೆಡವಲ್ಪಡದೆ ಉಳಿದ ಕಟ್ಟಡ ಅದು.

ಇದನ್ನು ನೋಡಲು ಶಂಕರ್‌ನಾಗ್ ಇರಲಿಲ್ಲ. ಎಂಬತ್ತರ ದಶಕದ ನಡುವೆ ಅವರು 'ಆಕ್ಸಿಡೆಂಟ್' ಎಂಬ ಚಿತ್ರ ಮಾಡಿದ್ದರು. ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರನ್ನು ಕೊಂದ ದೊಡ್ಡವರ ಮಗನ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ರಸ್ತೆಯ ಸಾವಿನ ಬಗ್ಗೆ ಅಷ್ಟು ಗಂಭೀರವಾಗಿ ಚಿಂತಿಸಿದವರನ್ನು ರಸ್ತೆಯೇ ಕಸಿದುಕೊಂಡಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತ. ವಯಸ್ಸು ಮೂವತ್ತೈದು. ತಾವೂ ತೀವ್ರವಾಗಿ ಗಾಯಗೊಂಡಿದ್ದ ಅರುಂಧತಿ ನಾಗ್ ಮತ್ತೆ ಎದ್ದು ನಿಂತರು. ಅವರ ವರ್ಷಗಳ ದುಡಿಮೆಯಿಂದ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ಬಾಗಿಲು ತೆರೆಯಿತು. ಶಂಕರ್ ಕನಸು ಕಂಡಿದ್ದ ರಂಗಮಂದಿರ ಅದು.

ಆಗುಂಬೆಗೆ ಹೋಗುವವರು ಮಳೆಗಾಲ ಕಳೆದು, ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಆಕಾಶ ತಿಳಿಯಾಗಿದ್ದರೆ ಘಟ್ಟದ ಅಂಚಿನಿಂದ ಅರಬ್ಬಿ ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದು. ಮಳೆಯನ್ನೇ ನೋಡಬೇಕೆನ್ನುವವರು ಜುಲೈನಲ್ಲಿ ಹೋಗಲಿ, ಆದರೆ ಕೆಳಗಿಳಿಯುವ ಘಾಟಿಯ ಕಡಿದಾದ ತಿರುವುಗಳಲ್ಲಿ ಅವಸರ ಬೇಡ. ಕಾಳಿಂಗ ಸರ್ಪಗಳ ನೆಲೆಯೆಂದು ಹೆಸರಾದ ಕಾಡಿದು, ದಾರಿ ಬಿಟ್ಟು ಒಳಗೆ ನುಗ್ಗುವುದೂ ಪ್ಲಾಸ್ಟಿಕ್ ಎಸೆಯುವುದೂ ಸಲ್ಲದು. ಹೊರಡುವ ಮೊದಲು ಮಕ್ಕಳಿಗೆ ಮಾಲ್ಗುಡಿಯ ಒಂದೆರಡು ಕಥೆಗಳನ್ನಾದರೂ ಓದಿಸಿ. ಓದಿ ಹೋದವರಿಗೆ ಹೆಂಚಿನ ಮನೆಗಳ ಆ ಸಾಧಾರಣ ಬೀದಿಯಲ್ಲಿ ನೋಡಲು ಬಹಳಷ್ಟಿದೆ.