ಕಡಲಿಗೆ ಪಟ್ಟಾ ಇಲ್ಲ: ಬೋಡಿಮೆಟ್ಟಿನ ದಿನಚರಿ

ಜುಲೈ 19, 2024. ಶುಕ್ರವಾರ, ರಾತ್ರಿ

ಆಷಾಢದ ಗಾಳಿ. ಆಂಡಿಪಟ್ಟಿ ಕಣಿವೆ ದಾಟುವಾಗ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಬೋಡಿ ದಾಟಿದ ಮೇಲೆ 17 ಹೇರ್‌ಪಿನ್ ತಿರುವು. ಇಬ್ಬರು ಹುಡುಗರಿಗೆ ವಾಂತಿ. ಚೆಕ್‌ಪೋಸ್ಟಿನ ಆಚೆ ಕೇರಳ. ನಾವು ಈಚೆಯೇ, ತಮಿಳುನಾಡಿನ ಬೋಡಿಮೆಟ್ಟಿನಲ್ಲಿ ಉಳಿದೆವು.

ಕಡಲ ಪವನ ವಿದ್ಯುತ್ತಿನ ಮಾತಿಗೆ ಬೆಟ್ಟ ಯಾಕೆ ಅಂತ ಎಲ್ಲರದೂ ಒಂದೇ ಪ್ರಶ್ನೆ. ಅದರ ಬಗ್ಗೆ ನಮ್ಮೊಂದಿಗೆ ಮಾತಾಡಲಿರುವ ಅಧಿಕಾರಿ ರಜೆಗೆ ಬರುವ ಏಲಕ್ಕಿ ತೋಟ ಇಲ್ಲಿದೆ, ಅಷ್ಟೆ. ಪವನ ವಿದ್ಯುತ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಮುಪ್ಪಂದಲ್‌ನ ಗಾಳಿಯಂತ್ರಗಳಲ್ಲಿ ಎಂಜಿನಿಯರಾಗಿ ಶುರು ಮಾಡಿ ಡೆನ್ಮಾರ್ಕಿನವರೆಗೂ ಹೋಗಿ ಬಂದವರು. ನಮಗೆ ಎರಡು ದಿನ ಕೊಟ್ಟಿದ್ದಾರೆ. ಹತ್ತಿ ಬಂದ ರಸ್ತೆಯೂ ಹಳೆಯ ಕೊಚ್ಚಿ–ಧನುಷ್ಕೋಡಿ ಹೆದ್ದಾರಿಯದೇ. ಇದೇ ದಾರಿ ಹಿಡಿದು ಇಳಿದರೆ ಕೊನೆಗೆ ಸಿಗುವುದು ಮನ್ನಾರ್ ಕೊಲ್ಲಿ.

ಜೊತೆಗಿರುವವರು ನನ್ನ ಕ್ಲಾಸಿನ ಫೈನಲ್ ಇಯರ್ ಮಕ್ಕಳು. ಇವರಿಗೆ ಕೆಲಸ ಸಿಗುತ್ತದೆಯೇ? ನಿದ್ದೆ ಬರುತ್ತಿಲ್ಲ.

ಜುಲೈ 20, ಶನಿವಾರ. ಬೆಳಗ್ಗೆ 7

ಮಂಜು. ಜೀಪುಗಳ ಸಾಲು. ತಮಿಳುನಾಡಿನ ಕಡೆಯಿಂದ ದಿನಾ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುವ ಹೆಂಗಸರು, ಒತ್ತೊತ್ತಾಗಿ ಕೂತು. ನಮ್ಮ ಕ್ಲಾಸಿನ ಬೋಡಿಯ ಹುಡುಗಿ ರಸ್ತೆ ಬದಿಯಲ್ಲಿ ಕಾದು ನಿಂತಿದ್ದಳು. ಒಂದು ಜೀಪಿನಲ್ಲಿ ಅವಳ ಅಮ್ಮ. ಡ್ರೈವರ್ ನಿಲ್ಲಿಸಲಿಲ್ಲ, ಹಾರ್ನ್ ಹೊಡೆದ. ಅಮ್ಮ ಕೈ ಬೀಸಿದರು.

"ನಾಲ್ಕಕ್ಕೇ ಎದ್ದಿರ್ತಾರೆ ಮೇಡಂ" ಅಂದಳು. ಟೀ ಮುಟ್ಟಲಿಲ್ಲ.

ಅದೇ ದಿನ, ಮಧ್ಯಾಹ್ನ

ಮೊದಲ ಸುತ್ತು ಮುಗಿಯಿತು. ಅಧಿಕಾರಿ ಚೆನ್ನಾಗಿ ಮಾತಾಡುತ್ತಾರೆ, ದೊಡ್ಡಸ್ತಿಕೆ ಇಲ್ಲ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿ, ಜಗತ್ತಿನ ಮೊದಲ ಕಡಲ ಪವನ ಸ್ಥಾವರ. 11 ಯಂತ್ರ, ಒಟ್ಟು 5 ಮೆಗಾವಾಟ್‌ಗೂ ಸ್ವಲ್ಪ ಕಡಿಮೆ. 2017ರಲ್ಲಿ ಕಳಚಿದರು. ಈಗ ಒಂದೇ ಯಂತ್ರ 13 ಮೆಗಾವಾಟ್, ರೆಕ್ಕೆಯ ಉದ್ದ 107 ಮೀಟರ್. ಇಷ್ಟು ಉದ್ದದ್ದನ್ನು ಈ ಘಾಟಿನಲ್ಲಿ ಹತ್ತಿಸಿ ನೋಡಿ ಅಂದರು. ಹುಡುಗರು ನಕ್ಕರು. ಕಡಲಲ್ಲಿ ತಿರುವುಗಳಿಲ್ಲ, ಹಡಗಿದ್ದರೆ ಸಾಕು. ಗಾಳಿಗೆ ಅಡ್ಡ ಗುಡ್ಡವಿಲ್ಲ, ಹಾಗಾಗಿ ಹರಿವು ಸಮ.

ನಮ್ಮಲ್ಲಿ ನೀತಿ ಬಂದದ್ದು 2015ರಲ್ಲಿ. ತಮಿಳುನಾಡಿನ ಕಡಲಲ್ಲಿ 35 ಗಿಗಾವಾಟ್, ಗುಜರಾತಿನಲ್ಲಿ 36 ಎಂಬ ಅಂದಾಜು. ಕಳೆದ ತಿಂಗಳು ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ಒಪ್ಪಿದೆ: ಎರಡೂ ರಾಜ್ಯಕ್ಕೆ 500 ಮೆಗಾವಾಟ್‌ನಂತೆ, ಅದರಲ್ಲೇ 600 ಕೋಟಿ ಎರಡು ಬಂದರುಗಳ ಸುಧಾರಣೆಗೆ. ಇವತ್ತಿನವರೆಗೆ ನಮ್ಮ ಕಡಲಲ್ಲಿ ಒಂದು ಯಂತ್ರವೂ ನಿಂತಿಲ್ಲ.

ಬೋಡಿಯ ಹುಡುಗಿ ಎದ್ದು ಕೇಳಿದಳು: ಹೆಣ್ಣುಮಕ್ಕಳನ್ನು ಕಡಲಿಗೆ ಕಳಿಸುತ್ತೀರಾ ಸಾರ್?

"ಡೆನ್ಮಾರ್ಕಿನಲ್ಲಿ ಇದ್ದಾರಮ್ಮ. ದೋಣಿಯಿಂದ ಏಣಿಗೆ ಕಾಲಿಟ್ಟು ಹತ್ತುತ್ತಾರೆ." ಇಲ್ಲಿ? ಅದಕ್ಕೆ ಸ್ವಲ್ಪ ತಡೆದು, "ಮೊದಲು ಯಂತ್ರ ಬರಲಿ" ಅಂದರು. ಅವಳು ಕೂರಲಿಲ್ಲ, ಇನ್ನೂ ಒಂದು ನಿಮಿಷ ನಿಂತೇ ಇದ್ದಳು.

ರಾತ್ರಿ 11

ಕಂಬಂನ ಹುಡುಗ ಜಗುಲಿಗೆ ಬಂದ. ಒಕ್ಕಲಿಗ ಕಾಪ್ಪಿಲಿಯರ ಮನೆಯವನು. ಕನ್ನಡ ಓದಲು ಬಾರದು, ಮನೆಮಾತು ಮಾತ್ರ ಅದೇ. ಕ್ಲಾಸಿನಲ್ಲಿ ಮೇಡಂ, ಇಲ್ಲಿ ಅಕ್ಕ. ಅಪ್ಪನ ದ್ರಾಕ್ಷಿ ಚಪ್ಪರ, ಈ ತಿಂಗಳ ಗಾಳಿ, ಚಿಕ್ಕಪ್ಪನ ಹೊಲದಲ್ಲಿ ನಿಂತ ಯಂತ್ರ, ಎಲ್ಲ ಹೇಳಿದ. ಆಮೇಲೆ: "ಅಕ್ಕಾ, ಹೊಲ ಕೊಟ್ಟೋರಿಗೆ ದುಡ್ಡು ಬಂತು, ಪಟ್ಟಾ ಇತ್ತು. ಕಡಲಿಗೆ ಪಟ್ಟಾ ಇಲ್ಲವಲ್ಲ. ದುಡ್ಡು ಯಾರಿಗೆ?"

ನಾಳೆ ಅವರನ್ನೇ ಕೇಳು ಅಂದೆ.

ಜುಲೈ 21, ಭಾನುವಾರ. ಸಂಜೆ

ಇವತ್ತು ಜೋರು ಚರ್ಚೆ.

ಕಂಬಂನ ಹುಡುಗ ಕೇಳಿಯೇಬಿಟ್ಟ. ಅಧಿಕಾರಿ ನೇರ ಉತ್ತರ ಕೊಟ್ಟರು. ಕಡಲತಳದ ಗುತ್ತಿಗೆ ಕೊಡುವುದು ಕೇಂದ್ರ ಸರ್ಕಾರ, ಗುತ್ತಿಗೆಯ ಹಣವೂ ಅಲ್ಲಿಗೇ. ಫೆಬ್ರವರಿಯಲ್ಲಿ ತಮಿಳುನಾಡಿನ ಕಡಲಿಗೆ 4,000 ಮೆಗಾವಾಟ್‌ನ ಟೆಂಡರ್ ಕರೆದದ್ದೂ ಹಾಗೆಯೇ.

ಆಗ ಮೀನುಗಾರರ ಮನೆಯ ಪಾಂಬನ್ ಹುಡುಗ ಎದ್ದ. ಎರಡು ದಿನ ಬಾಯಿ ಬಿಡದವನು. ಏಪ್ರಿಲ್ 15ರಿಂದ 61 ದಿನ ಮೀನುಗಾರಿಕೆ ನಿಷೇಧ. ದೋಣಿ ದಡದಲ್ಲಿ, ಅಪ್ಪ ಮನೆಯಲ್ಲಿ. ಕಡಲು ಶಾಂತವಾಗಿರುವ ದಿನ ನೋಡಿ ಕಂಬ ನೆಡುತ್ತೀರಿ. ಆ ದಿನಗಳಲ್ಲೇ ನಮ್ಮವರೂ ಹೋಗಬೇಕು. ಕೇಬಲ್ ಹಾದುಹೋದ ಕಡೆ ಬಲೆ ಬಿಡಬಹುದೇ? ಯಂತ್ರಗಳ ನಡುವೆ ದೋಣಿ ಬಿಡುತ್ತಾರೆಯೇ? ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹವಳ, ಕಡಲಹಸು. ಅಲ್ಲಿ ಏನು ಮಾಡುತ್ತೀರಿ? ಮತ್ತೆ ಚಂಡಮಾರುತ. 1964ರಲ್ಲಿ ಧನುಷ್ಕೋಡಿ ಊರನ್ನೇ ಹೊತ್ತೊಯ್ದದ್ದನ್ನು ತಾತ ಕಣ್ಣಾರೆ ಕಂಡಿದ್ದಾರೆ.

ಇನ್ನೊಬ್ಬ ಮೊಬೈಲಿನಲ್ಲಿ ಅಮೆರಿಕದ ನಾಂಟುಕೆಟ್ ತೋರಿಸಿದ. ಹೋದ ಶನಿವಾರ ಅಲ್ಲಿ ಕಡಲ ಯಂತ್ರದ ರೆಕ್ಕೆ ಮುರಿದು, ಚೂರುಗಳು ತೀರಕ್ಕೆ ಬಂದು ಬಿದ್ದಿವೆ.

ಅಧಿಕಾರಿಯ ಮುಖ ಗಂಭೀರವಾಯಿತು. ಚಂಡಮಾರುತಕ್ಕೆ ವಿನ್ಯಾಸ ಇದೆ, ಸೂಕ್ಷ್ಮ ಜಾಗ ಬಿಟ್ಟು ಗಡಿ ಹಾಕುತ್ತಾರೆ ಅಂದರು. ಬಲೆಯ ಪ್ರಶ್ನೆಗೆ ಬಂದಾಗ, ಯೂರೋಪಿನಲ್ಲೂ ಇದು ದೇಶಕ್ಕೊಂದು ಬಗೆ, ಇಲ್ಲಿ ಇನ್ನೂ ತೀರ್ಮಾನವಾಗಬೇಕು ಅಂದರು. ಪ್ರಾಮಾಣಿಕ ಉತ್ತರ. ಆದರೆ ಟೆಂಡರ್ ಮೊದಲು ಬಂತು, ಬಲೆಯ ತೀರ್ಮಾನ ಹಿಂದೆ ಉಳಿಯಿತು.

ಪೊಟ್ಟಿಪುರಂ ನೆನಪಿಸಿದೆ. ಈ ಬೆಟ್ಟದ ಕೆಳಗೇ ನ್ಯೂಟ್ರಿನೊ ಪ್ರಯೋಗಾಲಯಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಜನ ತಿರುಗಿಬಿದ್ದರು, ಯೋಜನೆ ನಿಂತಿತು. ವಿಜ್ಞಾನ ಕೆಟ್ಟದ್ದಾಗಿರಲಿಲ್ಲ. ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡರು.

ಹುಣ್ಣಿಮೆ ಇವತ್ತು. ಮೋಡ, ಏನೂ ಕಾಣಲಿಲ್ಲ.

ಜುಲೈ 22, ಸೋಮವಾರ. ಬಸ್ಸಿನಲ್ಲಿ

ಇಳಿಯುತ್ತಿದ್ದೇವೆ. ಹಿಂದಿನ ಸೀಟಿನಲ್ಲಿ ಜಗಳ: ಕಡಲು ಬೇಕು, ಕಡಲು ಬೇಡ. ಪಾಂಬನ್ ಹುಡುಗ "ಬೇಡ" ಅನ್ನುತ್ತಿಲ್ಲ. ಕೆಲಸ ಅವನಿಗೂ ಬೇಕು. ಕಡಲು ಬಲ್ಲವರನ್ನೇ ಮೊದಲು ತಗೊಳ್ಳಲಿ ಅನ್ನುತ್ತಾನೆ. ಅಲೆಯ ಮೇಲೆ ಕಾಲೂರಿ ನಿಲ್ಲುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯ ಮಾತು. ಆದರೆ ಹತ್ತು ಮಂದಿಗೆ ಕೆಲಸ ಸಿಕ್ಕರೆ ನೂರು ದೋಣಿಯ ಪಾಡೇನು?

ಜುಲೈ 31, ಬುಧವಾರ

ನಿನ್ನೆ ನಸುಕಿನಲ್ಲಿ ವಯನಾಡಿನಲ್ಲಿ ಭೂಕುಸಿತ. ಮುಂಡಕ್ಕೈ, ಚೂರಲ್ಮಲ. ಟಿವಿ ನೋಡಲಾಗಲಿಲ್ಲ, ಆರಿಸಿದೆ. ಬೋಡಿಯ ಹುಡುಗಿಗೆ ಫೋನ್ ಮಾಡಿದೆ. ಅಮ್ಮ ಇವತ್ತು ಕೆಲಸಕ್ಕೆ ಹೋಗಿಲ್ಲವಂತೆ. ನಾಳೆ? ಹೋಗಲೇಬೇಕು ಮೇಡಂ.

ನಾನು ಚಿತ್ರದುರ್ಗದವಳು. ಗಾಳಿಯಂತ್ರ ಏರಿಸಲು ಗುಡ್ಡದ ನೆತ್ತಿಯವರೆಗೆ ರಸ್ತೆ ಕೊರೆದದ್ದನ್ನು ನೋಡುತ್ತಲೇ ಬೆಳೆದೆ. ವಯನಾಡಿಗೂ ಅದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಇನ್ನು ಬೆಟ್ಟ ಕಡಿಯಬಾರದು, ಕಡಲಿಗೆ ಹೋಗೋಣ ಅಂತ ಮನಸ್ಸು ಹೇಳುತ್ತದೆ. ಆಗ ಆ ಹುಡುಗನ ಅಪ್ಪ ಎದುರಿಗೆ ಬರುತ್ತಾರೆ. ಎರಡೂ ನಿಜ. ಹೇಗೆ ಹೊಂದಿಸಲಿ?

ಆಗಸ್ಟ್ 4, ಭಾನುವಾರ

ಮಕ್ಕಳ ವರದಿ ಓದಿದೆ. ಅಧಿಕಾರಿಗೂ ಕಳಿಸಿದ್ದಾರೆ. ಕಡಲ ಗಾಳಿ ಬೇಕು, ಕಲ್ಲಿದ್ದಲು ಎಷ್ಟು ದಿನ ಎಂದು ಬರೆದಿದ್ದಾರೆ. ಒಪ್ಪುತ್ತೇನೆ. ಕೊನೆಯ ಪುಟದಲ್ಲಿ ಬೇಡಿಕೆ: ಕಡಲತಳದ ಗುತ್ತಿಗೆಗೆ ಸಹಿ ಬೀಳುವ ಮೊದಲು ತೀರದ ಮೀನುಗಾರರ ಪ್ರತಿ ಊರಿನಲ್ಲಿ, ಅವರ ಭಾಷೆಯಲ್ಲಿ, ನಕ್ಷೆ ಹರಡಿಟ್ಟು ಸಭೆ ಆಗಬೇಕು. ಗುತ್ತಿಗೆ ಹಣದಲ್ಲಿ ಆ ಊರುಗಳಿಗೆ ಪಾಲಿರಬೇಕು. ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳಬೇಕು.

ಕಡಲಿಗೆ ಪಟ್ಟಾ ಇಲ್ಲದಿರಬಹುದು, ಅದನ್ನು ನಂಬಿ ಬದುಕಿದವರಿದ್ದಾರೆ. ಅವರನ್ನು ಕೇಳದೆ ನೆಟ್ಟ ಕಂಬ ನ್ಯಾಯದ್ದಲ್ಲ.