ಏಳದ ಮುಳ್ಳು

ಹಳೆಯ ಟ್ರ್ಯಾಕ್ಟರಿನ ಮೀಟರುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಹೀಟ್ ಮೀಟರು. ಚಳಿಗಾಲದ ಬೆಳಿಗ್ಗೆ ಎಂಜಿನ್ ಶುರುವಾದ ಮೇಲೆ ಅದರ ಮುಳ್ಳು ಹಸಿರು ಪಟ್ಟಿಯತ್ತ ಮೆಲ್ಲಗೆ ಏರುವುದನ್ನು ನೋಡುತ್ತ ಕೂರುವುದು ಒಂದು ಸುಖ. ನೀರು ಸುಮಾರು 80 ಡಿಗ್ರಿಗೆ ಬಂದಾಗ ಥರ್ಮೋಸ್ಟ್ಯಾಟ್ ತೆರೆದುಕೊಳ್ಳುತ್ತದೆ. ರೇಡಿಯೇಟರಿನ ತಣ್ಣೀರು ಒಳಗೆ ಬಂದು, ಮುಳ್ಳು ತುಸು ಹಿಂಜರಿದು, ಮತ್ತೆ ತನ್ನ ಜಾಗ ಹಿಡಿಯುತ್ತದೆ.

ಆ ಮುಳ್ಳು ಏಳದ ದಿನ ಎಲ್ಲರೂ ಹೇಳುವುದು ಒಂದೇ: ಮೀಟರ್ ಹೋಗಿದೆ, ಬದಲಾಯಿಸಿ. ನನಗೆ ಅಷ್ಟು ಅವಸರವಿಲ್ಲ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಮೊದಲು ನೀರು ನೋಡುತ್ತೇನೆ. ನೀರು ಇಳಿದಿದ್ದರೆ ಸೆನ್ಸರಿನ ತುದಿ ನೀರಿಗೆ ಸಿಗದೆ, ಹೆಡ್ ಕಾದಿದ್ದರೂ ಮುಳ್ಳು ತಂಪನ್ನೇ ತೋರಿಸಬಹುದು. ಇದಕ್ಕಿಂತ ಅಪಾಯದ ಸುಳ್ಳಿಲ್ಲ.

ಆಮೇಲೆ ಮೀಟರಿನ ಬೆನ್ನು. ಅಲ್ಲಿಂದ ಸಣ್ಣ ತಾಮ್ರದ ನಳಿಗೆ ಹೊರಟಿದ್ದರೆ ಅದಕ್ಕೆ ಕರೆಂಟೇ ಬೇಡ. ತುದಿಯ ಬುರುಡೆಯೊಳಗಿನ ದ್ರವ ಕಾದು, ಆವಿಯ ಒತ್ತಡ ಮೀಟರಿನೊಳಗಿನ ಬಾಗಿದ ಕೊಳವೆಯನ್ನು ನೆಟ್ಟಗಾಗಿಸುತ್ತದೆ, ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜಿನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ನಳಿಗೆ ಎಲ್ಲಾದರೂ ಸೀಳಿದ್ದರೆ ಒತ್ತಡ ಸೋರಿ ಮುಳ್ಳು ಮಲಗುತ್ತದೆ. ಪರೀಕ್ಷೆ ಸುಲಭ: ಬುರುಡೆಯನ್ನು ಬಿಚ್ಚಿ ಕುದಿಯುವ ನೀರಿಗೆ ಅದ್ದುವುದು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಬಯಲುಸೀಮೆಯಲ್ಲಿ ಮುಳ್ಳು 100ಕ್ಕಿಂತ ಚೂರು ಕೆಳಗೆ ನಿಂತರೆ ಅದು ಸತ್ಯವನ್ನೇ ಹೇಳುತ್ತಿದೆ.

ನಳಿಗೆಯ ಬದಲು ವೈರಿದ್ದರೆ, ಕೀ ಆನ್ ಮಾಡಿ, ಸೆನ್ಸರಿನಿಂದ ವೈರ್ ಕಳಚಿ, ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕ್ಷಣಮಾತ್ರ ಮುಟ್ಟಿಸಬೇಕು. ಬಿಸಿಯೇರಿದಷ್ಟೂ ಸೆನ್ಸರಿನ ರೋಧ ಇಳಿಯುತ್ತದೆ. ನೇರ ಅರ್ತ್ ಸಿಕ್ಕರೆ ಮೀಟರಿಗೆ ಅದು ಅತಿಬಿಸಿಯೇ. ಮುಳ್ಳು ಕೆಂಪಿಗೆ ಹಾರಿದರೆ ಮೀಟರೂ ವೈರೂ ಚೆನ್ನಾಗಿವೆ, ತೊಂದರೆ ಸೆನ್ಸರ್ ಕಡೆಗಿದೆ. ಸೆನ್ಸರಿನ ತಿರುಪಿನ ಮರೆಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ ಅರ್ತ್ ತಪ್ಪಿರಲೂಬಹುದು. ಮುಳ್ಳು ಅಲುಗದಿದ್ದರೆ ವೈರನ್ನು, ಮೀಟರಿಗೆ ಬರುವ ಕರೆಂಟನ್ನು ಹುಡುಕಬೇಕು.

ಎಲ್ಲವೂ ಸರಿಯಿದ್ದೂ ಮುಳ್ಳು ಏಳದಿದ್ದರೆ? ಆಗಲೇ ನನಗೆ ಈ ಕೆಲಸ ತುಂಬ ಹಿಡಿಸುವುದು. ಥರ್ಮೋಸ್ಟ್ಯಾಟ್ ತೆರೆದೇ ಉಳಿದು ಎಂಜಿನ್ ನಿಜಕ್ಕೂ ಕಾಯುತ್ತಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಆಯಿಲ್‌ಗೆ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಟ್ಟಿದೆ ಎಂದು ನಾವು ಬಿಚ್ಚಿ ಎಸೆಯಲಿದ್ದ ಮೀಟರೇ ಅದನ್ನು ಮೊದಲು ಹೇಳಿದ್ದು. ಅದಕ್ಕೇ ಹೊಸ ಮೀಟರ್ ತರುವ ಮುನ್ನ ಹಳೆಯದರ ಮಾತನ್ನು ಪೂರ್ತಿ ಕೇಳಬೇಕು.